ಗೀರು ಬಿದ್ದ ಎರಡನೆಯ ಹಾಡು

ಮಾಳಮಡ್ಡಿ, ಧಾರವಾಡ
14 ಏಪ್ರಿಲ್ 1992

ಕಾಶೀನಾಥ ಅವರಿಗೆ ಸುಭದ್ರಾಳ ನಮಸ್ಕಾರ.

ನೆನಪಿದೆಯೋ ಇಲ್ಲವೋ, ನಾನು ನಿಮ್ಮ ಗೆಳೆಯ ಪ್ರಕಾಶರ ಹೆಂಡತಿ. ನಿಮ್ಮ ಅಕ್ಕ ಮೊನ್ನೆ ಸಂತೆಯಲ್ಲಿ ಸಿಕ್ಕು, ಬ್ಯಾಂಕಿನವರು ನಿಮಗೆ ಬಡ್ತಿ ಕೊಟ್ಟು ಕಾಶಿಗೆ ಹಾಕಿದ್ದಾರೆ ಎಂದರು. ಅಷ್ಟು ದೂರ ಹಾಕಿದರಲ್ಲ ಎಂದು ಅವರು ಗೋಳಾಡುತ್ತಿದ್ದರು. ನನಗೆ ಮಾತ್ರ ತರಕಾರಿ ಚೀಲ ಅಲ್ಲೇ ಕೆಳಗಿಟ್ಟು ಅವರ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ವಿಳಾಸ ಅವರೇ ಕೊಟ್ಟರು.

ಸುತ್ತಿ ಬಳಸಿ ಬರೆಯುವುದಿಲ್ಲ. ಇವರು ಮನೆ ಬಿಟ್ಟು, ಬರುವ ಜೂನ್‌ಗೆ ಹನ್ನೆರಡು ವರ್ಷವಾಗುತ್ತದೆ. ಹನ್ನೆರಡು ವರ್ಷ ಸುದ್ದಿ ಇಲ್ಲದವರನ್ನು ಸತ್ತವರೆಂದೇ ತಿಳಿದು, ದರ್ಭೆ ಮತ್ತು ಮುತ್ತುಗದ ಎಲೆಯಲ್ಲಿ ಮನುಷ್ಯನ ಬೊಂಬೆ ಕಟ್ಟಿ, ಸುಟ್ಟು, ಕರ್ಮ ಮಾಡುತ್ತಾರೆ. ಈ ಪದ್ಧತಿ ನಿಮಗೂ ಗೊತ್ತಿದೆ. ನನ್ನ ಮೈದುನ ರಾಮು ಈ ಪಿತೃಪಕ್ಷದಲ್ಲಿ ಕಾಶಿಗೇ ಬಂದು ಅದನ್ನು ಮುಗಿಸುವುದೆಂದು ನಿಶ್ಚಯ ಮಾಡಿದ್ದಾನೆ. ಅವನಿಗೆ ಮಕ್ಕಳಾಗಿಲ್ಲ. ಮನೆಯ ಹಿರಿಮಗ ನೀರು ಕಾಣದೆ ಅಲೆಯುತ್ತಿದ್ದಾನೆ, ಅದಕ್ಕೇ ಹೀಗೆ ಎಂದು ಜೋಯಿಸರು ಹೇಳಿದ್ದಾರೆ. ಅವನನ್ನು ಬಯ್ಯುವಂತೆಯೂ ಇಲ್ಲ. ನನ್ನನ್ನೂ ಮಗಳು ಗ್ರೀಷ್ಮಾಳನ್ನೂ ಇಷ್ಟು ವರ್ಷ ನೋಡಿಕೊಂಡವನು ಅವನೇ. ನಮ್ಮ ಅತ್ತೆಯವರು ದಾರಿ ಕಾದೂ ಕಾದೂ ತೀರಿಹೋದರು.

ಆದರೆ ಬದುಕಿರುವ ಮನುಷ್ಯನ ಬೊಂಬೆ ಸುಡುವುದನ್ನು ನಿಂತು ನೋಡಲು ನನ್ನಿಂದಾಗದು. ನಮ್ಮ ಓಣಿಯ ಕಾಕು ಒಬ್ಬರು ಕೆಲವು ವರ್ಷಗಳ ಹಿಂದೆ ಯಾತ್ರೆಗೆ ಹೋದಾಗ ಕೇದಾರ ಘಾಟಿನ ಮೆಟ್ಟಿಲ ಮೇಲೆ ಇವರನ್ನು ಕಂಡರಂತೆ. ಹೆಸರು ಹಿಡಿದು ಕೂಗಿದ್ದಕ್ಕೆ ತಿರುಗಿ ನೋಡಿ, ಗಲ್ಲಿ ಹೊಕ್ಕು ಮಾಯವಾದರಂತೆ. ಯಾರೂ ನಂಬಲಿಲ್ಲ. ನಾನು ನಂಬಿದ್ದೇನೆ.

ಪಿತೃಪಕ್ಷಕ್ಕೆ ಮೊದಲು ಹುಡುಕಿಕೊಡಿ. ನಿಮ್ಮ ಕಾಲು ಹಿಡಿದು ಕೇಳುತ್ತೇನೆ. ಇದ್ದಾರೆ ಎಂದಾದರೂ ಹೇಳಿ, ಇಲ್ಲ ಎಂದಾದರೂ ಹೇಳಿ.

ಸುಭದ್ರಾ

ಕೇದಾರ ಘಾಟ್ ಗಲ್ಲಿ, ವಾರಾಣಸಿ
3 ಮೇ 1992

ಸುಭದ್ರಾ ವೈನಿಗೆ ಕಾಶೀನಾಥನ ನಮಸ್ಕಾರ, ವಿನಂತಿ ವಿಶೇಷ.

ನೆನಪಿದೆಯೋ ಇಲ್ಲವೋ ಎಂದು ಕೇಳಿದ್ದೀರಲ್ಲ! ನಿಮ್ಮ ಮದುವೆಯಲ್ಲಿ ಬಡಿಸಲು ಹೋಗಿ ನಿಮ್ಮ ಸೋದರಮಾವನ ಮಡಿಪಂಚೆಯ ಮೇಲೆ ಸಾರು ಸುರಿದವನು ನಾನೇ.

ಪತ್ರದಲ್ಲಿ ಪ್ರಕಾಶನ ಹೆಸರು ಕಂಡದ್ದೇ ತಡ, ಕಾಲೇಜು ದಿನಗಳ ಸಪ್ತಾಪುರದ ನಮ್ಮ ಕೋಣೆ ಕಣ್ಣ ಮುಂದೆ ಎದ್ದು ನಿಂತಿತು. ಟಿನ್ ಲ್ಯಾಂಟರ್ನ್ಸ್, ವೈನಿ! ಇಂಗ್ಲೆಂಡಿನ ಯಾವುದೋ ಬಂದರಿನ ನಾಲ್ಕು ಹುಡುಗರು, ಒಂದೇ ಒಂದು ಆಲ್ಬಮ್ಮು, ‘ಸ್ಲೋ ವಾಟರ್’. ಮುಂಬಯಿಗೆ ಮಾವನ ಮನೆಗೆಂದು ಹೋದ ಪ್ರಕಾಶ ಅದನ್ನು ಫುಟ್‌ಪಾತಿನಲ್ಲಿ ಕೊಂಡು, ಬರುವಾಗ ರಾತ್ರಿಯಿಡೀ ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ. ಹಾಡುವವನಿಗೆ ಸದಾ ನೆಗಡಿಯಾದ ಹಾಗಿನ ದನಿ. ಗಿಟಾರು ಅಷ್ಟಕ್ಕಷ್ಟೆ. ಆದರೆ ಡ್ರಮ್ಮು! ಎರಡನೆಯ ಹಾಡಿನಲ್ಲಿ ಡ್ರಮ್ಮು ಶುರುವಾಯಿತೆಂದರೆ ಪ್ರಕಾಶ ಹಾಸಿಗೆಯಿಂದ ಎದ್ದು ಕುಕ್ಕರಗಾಲಲ್ಲಿ ಕೂತು ಎರಡು ಪೆನ್ಸಿಲ್ ಹಿಡಿದು ಟ್ರಂಕು ಬಡಿಯುತ್ತಿದ್ದ. ಮನೆಯ ಮಾಲೀಕರು ಕೆಳಗಿನಿಂದ “ಏನ್ರಪಾ, ಹೆಣಾ ಎತ್ತೀರೇನು?” ಎಂದು ಕೂಗುತ್ತಿದ್ದರು. ಕಿಟಕಿ ತೆರೆದಿಟ್ಟರೆ ಈ ಹಾಡು ಊರಿಗೆಲ್ಲ ಕೇಳಿ, ಊರೇ ಬೇರೆಯಾಗಿಬಿಡುತ್ತದೆ ಎಂದು ನಾವು ನಂಬಿದ್ದೆವು. ಈಗ ನೋಡಿ, ನಾನು ಸಾಲದ ಅರ್ಜಿಗಳಿಗೆ ಸೀಲು ಒತ್ತುತ್ತಿದ್ದೇನೆ.

ಇಲ್ಲಿ ಒಬ್ಬನೇ ಇದ್ದೇನೆ. ಮಕ್ಕಳ ಶಾಲೆಯೆಂದು ಮನೆಯವಳು ಹುಬ್ಬಳ್ಳಿಯಲ್ಲೇ ಉಳಿದಳು. ಬೆಳಗ್ಗೆ ಮೆಸ್ಸಿನಲ್ಲಿ ಇಡ್ಲಿ, ಸಂಜೆ ಅದೇ ಮೆಸ್ಸಿನಲ್ಲಿ ಅದೇ ಇಡ್ಲಿಯ ಉಪ್ಪಿಟ್ಟು. ಕರೆಂಟು ಬಂದರೆ ಪುಣ್ಯ. ಒಂದೇ ಒಂದು ಸಲ ಆ ಆಲ್ಬಮ್ಮು ಕೇಳಲು ಸಿಕ್ಕರೆ ಈ ಬಡ್ತಿಯನ್ನು ವಾಪಸು ಕೊಟ್ಟೇನು.

ಪ್ರಕಾಶನ ವಿಷಯ ನಾಲ್ಕು ಜನರನ್ನು ಕೇಳುತ್ತೇನೆ. ಧೈರ್ಯದಿಂದಿರಿ.

ನಿಮ್ಮ
ಕಾಶೀನಾಥ

ಧಾರವಾಡ
13 ಮೇ 1992

ಕಾಶೀನಾಥ ಅವರಿಗೆ,

ಡ್ರಮ್ಮಿನವನ ಬಗ್ಗೆ ಒಂದು ಪುಟ, ನನ್ನ ಗಂಡನ ಬಗ್ಗೆ ಒಂದು ಸಾಲು. ಚೆನ್ನಾಗಿದೆ.

ನಿಮ್ಮ ಪತ್ರವನ್ನು ಮುದ್ದೆ ಮಾಡಿ ಮೂಲೆಗೆ ಎಸೆದೆ. ಸಂಜೆ ಕಸ ಹೊಡೆಯುವಾಗ ಎತ್ತಿ ಮತ್ತೆ ಓದಿದೆ. ಆಗ ಹೊಳೆಯಿತು. ಮನುಷ್ಯ ಗಡ್ಡ ಬಿಡಬಹುದು, ಕಾವಿ ಉಡಬಹುದು, ಹೆಸರು ಬದಲಿಸಬಹುದು, ಕೂಗಿದರೆ ಓಡಿಹೋಗಲೂಬಹುದು. ಆದರೆ ಆ ಡ್ರಮ್ಮು ಶುರುವಾದರೆ ಇವರ ಕೈ ಸುಮ್ಮನೆ ಇರುವುದಿಲ್ಲ. ಊಟಕ್ಕೆ ಕೂತಿದ್ದರೂ ತಾಟು ಬಡಿಯುತ್ತಿದ್ದರು. ನೀವು ನಾಲ್ಕು ಜನರನ್ನು ಕೇಳುವುದೇನೂ ಬೇಡ. ಜನ ಸುಳ್ಳು ಹೇಳುತ್ತಾರೆ. ಇವರ ಕೈ ಸುಳ್ಳು ಹೇಳಲಾರದು.

ರೆಕಾರ್ಡು ನನ್ನ ಹತ್ತಿರವೇ ಇದೆ. ಸುಭಾಸ ರಸ್ತೆಯ ಅಂಗಡಿಯವನಿಗೆ ಕೊಟ್ಟು ಕ್ಯಾಸೆಟ್ಟಿಗೆ ತುಂಬಿಸಿ ಕಳಿಸುತ್ತಿದ್ದೇನೆ. ಎರಡನೆಯ ಹಾಡು ನಡುವೆ ಹಾರುತ್ತದೆ. ಅದು ಅಂಗಡಿಯವನ ತಪ್ಪಲ್ಲ. ಮದುವೆಯಾದ ಹೊಸದರಲ್ಲಿ ನಾನು ಮುಳ್ಳು ಎತ್ತಲು ಹೋಗಿ ಬಳೆ ತಾಗಿ ಗೀರು ಬಿತ್ತು. ಇಡೀ ಒಂದು ಸಾಲನ್ನು ನುಂಗಿ ಮುಂದಕ್ಕೆ ಹೋಗುತ್ತದೆ. ಇವರು ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟಿದ್ದರು. ಆಮೇಲೆ ತಾವು ಹಾಡುವಾಗಲೂ ಅಲ್ಲಿಗೆ ಬಂದರೆ ಹಾರಿಬಿಡುವುದು ರೂಢಿಯಾಯಿತು.

ನಿಮ್ಮ ಹತ್ತಿರ ಟೇಪು-ರೇಡಿಯೋದ ಟೂ-ಇನ್-ಒನ್ ಇರಲೇಬೇಕು. ಇಲ್ಲದಿದ್ದರೆ ಯಾರದಾದರೂ ಕೇಳಿ ಪಡೆಯಿರಿ. ಸೆಲ್ಲು ಹಾಕಿಕೊಂಡು ಒಂದೊಂದು ಘಾಟಿಗೂ ಹೋಗಿ, ಗಲ್ಲಿಗಳಲ್ಲಿ ಹೋಗಿ, ಜೋರಾಗಿ ಹಾಕಿ. ಯಾರ ಕೈ ಬಡಿಯುತ್ತದೆ ನೋಡಿ. ನನ್ನನ್ನು ಹುಚ್ಚಿ ಎಂದುಕೊಂಡರೂ ಚಿಂತೆಯಿಲ್ಲ.

ಸುಭದ್ರಾ

ವಾರಾಣಸಿ
12 ಜೂನ್ 1992

ವೈನಿಗೆ ನಮಸ್ಕಾರ.

ಬೈಗುಳ ಮುಟ್ಟಿತು. ಕ್ಯಾಸೆಟ್ಟೂ ಮುಟ್ಟಿತು. ಮೊದಲ ದಿನ ನಾನೊಬ್ಬನೇ ಬಾಗಿಲು ಹಾಕಿಕೊಂಡು ಕೇಳಿದೆ, ಸುಳ್ಳು ಹೇಳುವುದಿಲ್ಲ. ಆ ನೆಗಡಿ ದನಿ ಕೇಳುತ್ತಲೇ, ಇಪ್ಪತ್ತು ವರ್ಷದ ಹುಡುಗ ನನ್ನೊಳಗೆ ಎಲ್ಲಿ ಅಡಗಿ ಕೂತಿದ್ದನೋ, ಎದ್ದು ಬಂದು ಈ ಹೊಟ್ಟೆ, ಈ ಕನ್ನಡಕ ನೋಡಿ ಗುರುತು ಸಿಗದೆ ನಿಂತ.

ಆಮೇಲೆ ನೀವು ಹೇಳಿದ ಹಾಗೆಯೇ ಮಾಡುತ್ತಿದ್ದೇನೆ. ಬ್ಯಾಂಕು ಮುಗಿದ ಮೇಲೆ ಟೂ-ಇನ್-ಒನ್ ಹೆಗಲಿಗೆ ಹಾಕಿಕೊಂಡು ಹೊರಡುತ್ತೇನೆ. ಕೇದಾರ ಘಾಟಿನಿಂದ ಒಂದು ದಿನ ಅಸ್ಸಿಯ ಕಡೆ, ಒಂದು ದಿನ ದಶಾಶ್ವಮೇಧದ ಕಡೆ. ಬಿಸಿಲಿಗೆ ಕಲ್ಲು ಸಂಜೆಯೂ ಕಾದೇ ಇರುತ್ತದೆ. ದೋಣಿಯವರು ನನಗೆ ‘ಬಾಜಾವಾಲೇ ಬಾಬು’ ಎಂದು ಹೆಸರಿಟ್ಟಿದ್ದಾರೆ. ಒಬ್ಬ ಮುದುಕಿ ಬಂದು “ಬಾಬೂಜಿ, ಕೋಯಿ ಭಜನ್ ಲಗಾಯಿಯೇ” ಎಂದಳು. ವಿಶ್ವನಾಥ ಗಲ್ಲಿಯಲ್ಲಿ ಪೊಲೀಸಿನವನೊಬ್ಬ ನಿಲ್ಲಿಸಿ, ಇದೇನು ಪ್ರಚಾರ, ಯಾವ ಪಾರ್ಟಿ ಎಂದು ವಿಚಾರಿಸಿದ. ಬ್ಯಾಂಕಿನ ಗುರುತಿನ ಚೀಟಿ ತೋರಿಸಿದ ಮೇಲೆ ಇನ್ನಷ್ಟು ಅನುಮಾನಪಟ್ಟ.

ಕೈಗಳನ್ನೇ ನೋಡುತ್ತ ನಡೆಯುತ್ತೇನೆ ವೈನಿ. ಸಾಧುಗಳ ಕೈ, ಕ್ಷೌರಿಕರ ಕೈ, ಮಂಡಿಯ ಮೇಲೆ ಸುಮ್ಮನೆ ಬಿದ್ದಿರುವ ಕೈ. ಡ್ರಮ್ಮು ಬರುತ್ತದೆ, ಹೋಗುತ್ತದೆ. ಯಾರ ಬೆರಳೂ ಅಲುಗುವುದಿಲ್ಲ. ನಿನ್ನೆ ಒಬ್ಬ ಕಾವಿಯವನ ಕೈ ಬಡಿಯಿತು. ಓಡಿಹೋದೆ. ಅವನಿಗೆ ನಡುಕದ ರೋಗ.

ಸೋಲೊಪ್ಪಿಲ್ಲ. ಆದರೆ ಊರು ದೊಡ್ಡದು.

ಕಾಶೀನಾಥ

ಧಾರವಾಡ
24 ಜೂನ್ 1992

ಕಾಶೀನಾಥ ಅವರಿಗೆ,

ರಾಮು ಟಿಕೆಟ್ ತೆಗೆಸಿದ. ನನ್ನದು, ಗ್ರೀಷ್ಮಾಳದು, ಅವನ ಹೆಂಡತಿ ಮೈತ್ರೇಯಿಯದು, ಎಲ್ಲರದೂ. ಕೇದಾರ ಘಾಟಿನ ಭಟ್ಟರಿಗೆ ಪತ್ರವನ್ನೂ ಬರೆದಿದ್ದಾನೆ. ಬೊಂಬೆಗೆ ಬೇಕಾದ ಎಲೆ ಅಲ್ಲೇ ಸಿಗುತ್ತದಂತೆ. ಅದನ್ನು ಅವನು ಹೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ, ಬಡಿಯುತ್ತಲೇ ಇದ್ದೆ. ಹಿಟ್ಟು ಹರಿದು ಎರಡಾಯಿತು.

ನೀವು ಸಂಜೆ ತಿರುಗುತ್ತಿದ್ದೀರಿ, ಉಪಕಾರ ಮರೆಯುವುದಿಲ್ಲ. ಆದರೆ ಬೆಳಗ್ಗೆಯೂ ತಿರುಗಿ. ರಜೆ ಹಾಕಿ. ನನ್ನ ಸ್ಥಿತಿ ನಿಮಗೆ ಅರ್ಥವಾಗಿಲ್ಲ ಅನ್ನಿಸುತ್ತದೆ. ಹನ್ನೆರಡು ವರ್ಷದಿಂದ ಈ ಓಣಿಯಲ್ಲಿ ನನ್ನನ್ನು ಅರಿಶಿನ-ಕುಂಕುಮಕ್ಕೆ ಕರೆಯುವಾಗ ಮನೆಯವರು ಒಳಗೆ ಹೋಗಿ ಒಂದು ಸಲ ಪಿಸುಗುಟ್ಟಿ ಬರುತ್ತಾರೆ. ಕೆಲವರು ಕರೆಯುತ್ತಾರೆ, ಕೊಡುವಾಗ ಕಣ್ಣು ತಪ್ಪಿಸುತ್ತಾರೆ. ಮುತ್ತೈದೆಯೂ ಅಲ್ಲ, ಅಲ್ಲದವಳೂ ಅಲ್ಲ. ಗ್ರೀಷ್ಮಾಳ ಶಾಲೆಯಲ್ಲಿ ‘ತಂದೆ’ ಎಂದು ಬರೆಯುವ ಕಡೆ ಮಾಸ್ತರು ಪ್ರತಿ ವರ್ಷ ಪೆನ್ನು ಎತ್ತಿ ನನ್ನ ಮುಖ ನೋಡುತ್ತಾರೆ. “ಬೆಳಗಾಂವಿಗೆ ಹೋಗಿ ಸಂಜೀಕ ಬರ್ತೇನಿ, ಅನ್ನ ಕಡಿಮಿ ಮಾಡು” ಎಂದು ಹೇಳಿ ಹೋದವರು. ಇವತ್ತಿಗೂ ಅನ್ನಕ್ಕೆ ಇಡುವಾಗ ಕೈ ಒಂದು ಗಳಿಗೆ ನಿಲ್ಲುತ್ತದೆ.

ಬದುಕಿದ್ದರೆ ಕರೆದುಕೊಂಡು ಬನ್ನಿ. ಯಾವ ಸ್ಥಿತಿಯಲ್ಲಿದ್ದರೂ ಸರಿ. ಬುದ್ಧಿ ಕೆಟ್ಟಿದ್ದರೂ, ಕಾಲು ಹೋಗಿದ್ದರೂ, ಬೇರೆ ಸಂಸಾರ ಕಟ್ಟಿಕೊಂಡಿದ್ದರೂ ಸರಿ. ಬಂದು ಮುಖ ತೋರಿಸಿ, ನಾನು ಇದ್ದೇನೆ ಎಂದು ರಾಮುವಿಗೆ ಹೇಳಿದರೆ ಸಾಕು.

ಸುಭದ್ರಾ

ವಾರಾಣಸಿ
28 ಜುಲೈ 1992

ಸುಭದ್ರಾ ವೈನಿಗೆ,

ಉತ್ತರ ತಡವಾಯಿತು, ಕ್ಷಮಿಸಿ. ಬ್ಯಾಂಕಿನಲ್ಲಿ ತಪಾಸಣೆ ನಡೆದಿತ್ತು. ಟೂ-ಇನ್-ಒನ್ ಕೆಟ್ಟಿದೆ. ಇನ್ನು ಹುಡುಕಿ ಪ್ರಯೋಜನವಿಲ್ಲ ಎಂದು ನನಗೆ ಕಾಣುತ್ತದೆ. ಕರ್ಮ ಆಗಿಬಿಟ್ಟರೆ ಎಲ್ಲರಿಗೂ ಒಂದು ನೆಮ್ಮದಿ ಸಿಗಬಹುದು. ರಾಮು ಮಾಡುತ್ತಿರುವುದು ಸರಿಯೇ ಇದೆ. ನೀವೆಲ್ಲ ಬಂದಾಗ ಉಳಿಯಲು ವ್ಯವಸ್ಥೆ ಮಾಡುತ್ತೇನೆ.

ಆರೋಗ್ಯ ನೋಡಿಕೊಳ್ಳಿ.

ಕಾಶೀನಾಥ

ಧಾರವಾಡ
5 ಆಗಸ್ಟ್ 1992

ಕಾಶೀನಾಥ ಅವರೇ,

ನಿಮಗೆ ಸುಳ್ಳು ಬರೆಯಲು ಬರುವುದಿಲ್ಲ. ಬರೆದರೆ ಎರಡು ಪುಟ ತುಂಬುವವರು, ಒಂದೂ ತಮಾಷೆಯಿಲ್ಲದೆ ಆರು ಸಾಲು ಬರೆದಿದ್ದೀರಿ. ಟಿನ್ ಲ್ಯಾಂಟರ್ನ್ಸ್‌ನ ಹೆಸರೇ ಇಲ್ಲ.

ನಿಮಗೆ ಏನೋ ಗೊತ್ತಾಗಿದೆ.

ಸತ್ತಿದ್ದಾರೆಯೇ? ಹಾಗಾದರೆ ಎಲ್ಲಿ, ಯಾವಾಗ ಎಂದು ಹೇಳಿ. ತಿಥಿಯಾದರೂ ಸಿಗಲಿ. ನಾನು ಅಳುತ್ತೇನೆ, ಅತ್ತು ಎದ್ದು ನಿಲ್ಲುತ್ತೇನೆ, ನನಗೆ ಹೆದರಬೇಡಿ. ಹೇಳದೆ ಇಟ್ಟುಕೊಂಡರೆ ಮಾತ್ರ ನಾನು ಉಳಿಯುವುದಿಲ್ಲ. ಅಂಚೆಯವನ ಸೈಕಲ್ಲಿನ ಸಪ್ಪಳಕ್ಕೆ ಕೈಯಲ್ಲಿದ್ದದ್ದು ಬೀಳುತ್ತದೆ. ನಿಮ್ಮ ಮಕ್ಕಳ ಮೇಲೆ ಆಣೆ ಇಡುವಷ್ಟು ಕೆಟ್ಟವಳಾಗುವ ಮೊದಲು ಬರೆದುಬಿಡಿ.

ಸುಭದ್ರಾ

ವಾರಾಣಸಿ
13 ಆಗಸ್ಟ್ 1992

ವೈನಿ,

ಪ್ರಕಾಶ ಬದುಕಿದ್ದಾನೆ.

ನೀರು ಕುಡಿದು ಮುಂದಕ್ಕೆ ಓದಿ. ನಾನೂ ಕುಡಿದೇ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಒಂದು ಸಂಜೆ ವಿಶ್ವವಿದ್ಯಾಲಯದ ಹೆಬ್ಬಾಗಿಲ ಮುಂದಿನ ಲಂಕಾ ಪೇಟೆಗೆ ಸೆಲ್ಲು ಕೊಳ್ಳಲು ಹೋಗಿದ್ದೆ. ರೇಡಿಯೋ, ಟೇಪು ರಿಪೇರಿ ಮಾಡುವ ಸಣ್ಣ ಅಂಗಡಿ. ನನ್ನ ಹೆಗಲ ಮೇಲೆ ಹಾಡು ನಡೆದೇ ಇತ್ತು. ಎರಡನೆಯ ಹಾಡಿನ ನಡುವೆ ಸೆಲ್ಲಿನ ಶಕ್ತಿ ತೀರಿ ದನಿ ಎಳೆದುಕೊಂಡು ಎಳೆದುಕೊಂಡು ನಿಂತುಹೋಯಿತು. ಆಗ ಒಳಗೆ ಮೇಜಿನ ಮೇಲೆ ಬಗ್ಗಿ ಬೆಸುಗೆ ಹಾಕುತ್ತಿದ್ದ ಮನುಷ್ಯ, ತಲೆ ಎತ್ತದೆ, ನಿಂತಲ್ಲಿಂದ ಹಾಡನ್ನು ಮುಂದುವರಿಸಿದ. ಮುಂದಿನ ಸಾಲು ಹಾಡಿದ, ಅದರ ಮುಂದಿನದನ್ನು ಹಾರಿದ. ನನಗೆ ಆ ಹಾಡು ಇಡಿಯಾಗಿ ಬರುತ್ತದೆ ವೈನಿ, ಸಪ್ತಾಪುರದಲ್ಲಿ ರೆಕಾರ್ಡಿಗೆ ಗೀರು ಬಿದ್ದಿರಲಿಲ್ಲ. ಅವನು ಹಾಡಿದ್ದು ಮಾಳಮಡ್ಡಿಯ ಹಾಡು, ನಿಮ್ಮ ಬಳೆ ತಾಗಿದ ಹಾಡು. ಈ ಮನುಷ್ಯನ ಬಾಯಲ್ಲಿ ಇನ್ನೂ ನಿಮ್ಮ ಮನೆ ಇದೆ, ಇವನನ್ನು ನಿಮಗೆ ಕೊಟ್ಟೇ ಕೊಡುತ್ತೇನೆ ಅಂದುಕೊಂಡೆ.

ಗಡ್ಡವಿಲ್ಲ, ಕಾವಿಯಿಲ್ಲ. ತಲೆ ಬೋಳಾಗಿದೆ, ಮೈ ಬಂದಿದೆ. ಎಲ್ಲರೂ ‘ಮಿಸ್ತ್ರೀಜಿ’ ಅನ್ನುತ್ತಾರೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಇರುತ್ತಾನೆ. ಬೇರೆ ಸಂಸಾರ ಇಲ್ಲ. ಬುದ್ಧಿ ನೆಟ್ಟಗಿದೆ. “ಪ್ರಕಾಶಾ” ಎಂದೆ. ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ನನ್ನನ್ನು ನೋಡಿ, “ಕಾಶ್ಯಾ, ಇದನ್ನ ಎಲ್ಲಿಂದ ತುಂಬಿಸಿದಿ?” ಎಂದ.

“ನಿಮ್ಮ ಮನೀ ರೆಕಾರ್ಡಿನಿಂದ.”

“ಇನ್ನೂ ಅದ ಏನು ಅದು? ಬೂಸು ಹಿಡದಿಲ್ಲಾ? ಗೀರು ಅದೊಂದೇ ಅದನೋ, ಮತ್ತ ಬಿದ್ದಾವೋ?”

ಹೊಸ ಸೆಲ್ಲು ಹಾಕಿ ಎರಡೂ ಬದಿ ಕೇಳಿದೆವು. ಡ್ರಮ್ಮಿಗೆ ಅವನು ಮೇಜು ಬಡಿದ. ಇಬ್ಬರೂ ಅತ್ತೆವು. ನಾನು ಯಾಕೆ ಅತ್ತೆ ನನಗೆ ಗೊತ್ತು. ಅವನು ನಿಮಗಾಗಿ, ಗ್ರೀಷ್ಮಾಳಿಗಾಗಿ ಅಳುತ್ತಿದ್ದಾನೆ ಎಂದುಕೊಂಡು ಈಗ ಕೇಳುತ್ತಾನೆ, ಈಗ ಕೇಳುತ್ತಾನೆ ಎಂದು ಕಾದೆ. ಮುಗಿದ ಮೇಲೆ ಕಣ್ಣೊರೆಸಿಕೊಂಡು, “ಅಂವಾ ಛಲೋ ತುಂಬಿಲ್ಲೋ, ಡ್ರಮ್ಮಿನ ದನಿ ಕುಂತದ” ಎಂದ.

ನಾನೇ ಹೇಳಿದೆ. ತಾಯಿ ತೀರಿದ್ದು ಹೇಳಿದೆ. ಕ್ಯಾಸೆಟ್ಟು ತಿರುವಿ ಹಾಕಿದ. ನಿನ್ನ ಮಗಳು ನಿನ್ನ ಹಾಗೇ ಇದ್ದಾಳಂತೆ ಎಂದೆ. “ಹೂಂ” ಎಂದ. “ಯಾಕ ಬಿಟ್ಟು ಬಂದಿ?” ಎಂದು ಅಂಗಿ ಹಿಡಿದು ಕೇಳಿದೆ.

“ಬಿಟ್ಟು ಬರಬೇಕಂತ ಬಂದಿಲ್ಲೋ. ಬೆಳಗಾಂವ್ಯಾಗ ಗಾಡಿ ಇಳೀಲಿಲ್ಲ, ಅಷ್ಟ. ಒಂದ ದಿವಸ ತಡಾ ಆತು. ಹೆಂಗ ಮಾರಿ ತೋರಸಲಿ ಅನಸ್ತು. ಹಂಗs ತಿಂಗಳಾತು. ತಿಂಗಳಾದಮ್ಯಾಲೆ ಯಾರು ಹೋಗ್ತಾರ ಹೇಳು?”

ಬೊಂಬೆ ಸುಡುವ ವಿಷಯವನ್ನೂ ಹೇಳಿದೆ. “ಮಾಡ್ಲಿ ಬಿಡು. ರಾಮೂಗೂ ಛಲೋ ಆಗ್ತದ, ನನಗೂ ಹಗರಾಗ್ತದ” ಎಂದ. ತಾನು ಸಿಕ್ಕಿದ್ದನ್ನು ನಿಮಗೆ ಬರೆದರೆ ಈ ಊರನ್ನೂ ಬಿಡುವುದಾಗಿ ಹೆದರಿಸಿ ನನ್ನಿಂದ ಮಾತು ತೆಗೆದುಕೊಂಡ. ಆಮೇಲೆಯೂ ಹಲವು ಸಲ ಹೋದೆ. ಪ್ರತಿ ಸಲ ಹಾಡು ಕೇಳಿದ. ಪ್ರತಿ ಸಲ ಸಪ್ತಾಪುರದ ಕೋಣೆ, ಟ್ರಂಕು, ಪೆನ್ಸಿಲ್ಲು. ನಿಮ್ಮ ಹೆಸರು ಒಂದು ಸಲವೂ ಬರಲಿಲ್ಲ. ಇದನ್ನು ನಿಮಗೆ ಹೇಗೆ ಬರೆಯಲಿ ಎಂದೇ ಆ ಆರು ಸಾಲು ಬರೆದೆ.

ಕ್ಯಾಸೆಟ್ಟು ಅವನೇ ಇಟ್ಟುಕೊಂಡಿದ್ದಾನೆ. ನನಗೆ ಬೇಡ. ನಿಮಗೆ ಅದರ ಬಗ್ಗೆ ಒಂದು ಪುಟ ಬರೆದಿದ್ದೆನಲ್ಲ, ಅದನ್ನು ನೆನೆದರೆ ಮೈ ಉರಿಯುತ್ತದೆ.

ಹೂಂ ಅನ್ನಿ, ಕೊರಳಪಟ್ಟಿ ಹಿಡಿದು ಗಾಡಿ ಹತ್ತಿಸುತ್ತೇನೆ. ರಾಮುವಿಗೆ ತಂತಿ ಕೊಡಲೇ?

ಕಾಶೀನಾಥ

ಧಾರವಾಡ
22 ಆಗಸ್ಟ್ 1992

ಕಾಶೀನಾಥ ಅವರಿಗೆ,

ಪತ್ರ ಬಂದು ನಾಲ್ಕು ದಿನವಾಯಿತು. ಓದಿದೆ. ಅಡುಗೆ ಮಾಡಿದೆ, ಗ್ರೀಷ್ಮಾಳ ಜಡೆ ಹಾಕಿದೆ, ಬಟ್ಟೆ ಒಗೆದೆ. ನಿನ್ನೆ ಹಿತ್ತಲಲ್ಲಿ ಕೂತು ಅತ್ತೆ.

ಸತ್ತಿದ್ದರೆ ಏನು ಮಾಡಬೇಕು ಎಂದು ಯೋಚಿಸಿ ಇಟ್ಟುಕೊಂಡಿದ್ದೆ. ಸನ್ಯಾಸಿಯಾಗಿದ್ದರೆ ಕಾಲಿಗೆ ಬಿದ್ದು ಬರಬೇಕು ಎಂದುಕೊಂಡಿದ್ದೆ. ಬೇರೆ ಹೆಂಗಸು ಇದ್ದರೆ ಅವಳ ಮುಂದೆ ಏನು ಮಾತಾಡಬೇಕೆಂದು ಕೂಡ ನಿಶ್ಚಯ ಮಾಡಿದ್ದೆ. ಆರಾಮವಾಗಿ, ಒಬ್ಬರೇ, ಬುದ್ಧಿ ನೆಟ್ಟಗಿದ್ದು, ಸುಮ್ಮನೆ ಬರಲಿಲ್ಲ ಎಂಬುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಗೀರಿನ ಬಗ್ಗೆ ಕೇಳಿದರಂತೆ. ಆ ಗೀರಿಗೆ ಒಂದು ವಾರ ಮಾತು ಬಿಟ್ಟವರು. ಅದನ್ನು ಹಾಕಿದ ಕೈ ಏನಾಯಿತು ಎಂದು ಕೇಳಲಿಲ್ಲ.

ಕೊರಳಪಟ್ಟಿ ಹಿಡಿಯಬೇಡಿ. ಎಳೆದು ತಂದ ಗಂಡನನ್ನು ಇಟ್ಟುಕೊಂಡು ಏನು ಮಾಡಲಿ? ರಾಮುವಿಗೂ ಬರೆಯಬೇಡಿ. ನಾವು ಅಮಾವಾಸ್ಯೆಗೆ ಮೊದಲು ಬರುತ್ತೇವೆ. ಕೇದಾರ ಘಾಟಿನ ಪಕ್ಕ ಹರಿಶ್ಚಂದ್ರ ಘಾಟಿನಲ್ಲಿ ದಹನ, ಅಮಾವಾಸ್ಯೆಯ ಬೆಳಗ್ಗೆ. ಆ ದಿನ, ಆ ಜಾಗ ಇವರಿಗೆ ತಿಳಿಸಿ. ಬಾ ಎನ್ನಬೇಡಿ, ಬರಬೇಡ ಎಂದೂ ಎನ್ನಬೇಡಿ.

ಬೆಂಕಿ ಹಚ್ಚುವ ಮೊದಲು ಬಂದು ರಾಮುವಿನ ಕೈ ಹಿಡಿದರೆ, ಹನ್ನೆರಡು ವರ್ಷದ ಒಂದು ಮಾತೂ ಕೇಳುವುದಿಲ್ಲ. ಇದನ್ನು ಮಾತ್ರ ಅವರಿಗೆ ಹೇಳಬೇಡಿ. ತಾವಾಗಿ ಬರಬೇಕು.

ಸುಭದ್ರಾ

ವಾರಾಣಸಿ
3 ಅಕ್ಟೋಬರ್ 1992

ವೈನಿಗೆ ನಮಸ್ಕಾರ.

ನೀವು ಸುಖವಾಗಿ ಊರು ಮುಟ್ಟಿರಬೇಕು. ಘಾಟಿನಲ್ಲಿ ರಾಮು ಬೊಂಬೆಗೆ ಕೊಳ್ಳಿ ಇಡುವಾಗ ನಾನು ಮೆಟ್ಟಿಲ ಕಡೆಯೇ ನೋಡುತ್ತಿದ್ದೆ.

ಈಗ ಬರೆಯಬೇಕಾದದ್ದು ಬೇರೆ. ನಿಮ್ಮ ಗಾಡಿ ಹೊರಟ ಮಾರನೆಯ ಸಂಜೆ ಪ್ರಕಾಶ ನನ್ನ ಕೋಣೆಗೆ ಬಂದ. ಕೈಯಲ್ಲಿ ಚೀಲ ಇತ್ತು. ಅವನು ಬಂದಿದ್ದನಂತೆ ವೈನಿ. ದೋಣಿಯಲ್ಲಿ ಕೂತು, ನೀರಿನ ಕಡೆಯಿಂದ ಎಲ್ಲ ನೋಡಿದನಂತೆ. ಗೋಡೆಗೆ ತಲೆ ಕೊಟ್ಟು ಅತ್ತ. “ಸುಭದ್ರಾ ಭಾಳ ಸೊರಗ್ಯಾಳ. ಆ ಎತ್ತರದ ಹುಡುಗಿ ಗ್ರೀಷ್ಮಾ ಏನು?” ಎಂದು ಕೇಳಿದ. ಕೊನೆಗೂ ಕೇಳಿದ! “ನನ್ನನ್ನ ಮನಿಗೆ ಕರಕೊಂಡು ಹೋಗೋ ಕಾಶ್ಯಾ. ಸುಟ್ಟದ್ದನ್ನ ನೋಡಿದಮ್ಯಾಲೆ ಇಲ್ಲಿ ಇರೂದು ಆಗವಲ್ದು” ಎನ್ನುತ್ತಾನೆ. ನನ್ನಲ್ಲೇ ಉಳಿದಿದ್ದಾನೆ. ಹಾಡು ಹಾಕು ಎಂದು ಒಂದು ಸಲವೂ ಅಂದಿಲ್ಲ.

ಭಟ್ಟರನ್ನು ಗುಟ್ಟಾಗಿ ಕೇಳಿದೆ. ಕರ್ಮ ಆದವನು ತಿರುಗಿ ಬಂದರೆ ಅದಕ್ಕೂ ಶಾಸ್ತ್ರದಲ್ಲಿ ದಾರಿ ಇದೆಯಂತೆ. ಅವನಿಗೆ ತುಪ್ಪದ ಸ್ನಾನ ಮಾಡಿಸಿ, ಈಗ ತಾನೆ ಹುಟ್ಟಿದ ಮಗು ಎಂದು ತಿಳಿದು ಜಾತಕರ್ಮ ಮಾಡಬೇಕು, ಹೆಸರಿಡಬೇಕು, ಮತ್ತೆ ಮುಂಜಿ ಮಾಡಬೇಕು. ಕೊನೆಗೆ ಅದೇ ಹೆಂಡತಿಯ ಜೊತೆ ಇನ್ನೊಂದು ಸಲ ಮದುವೆ. ಅಷ್ಟಾದರೆ ದೋಷವಿಲ್ಲ. ರಾಮುವಿಗೆ ನಾನು ತಿಳಿಸಿ ಹೇಳುತ್ತೇನೆ. ದೀಪಾವಳಿಗೆ ರಜೆ ಹಾಕಿ ನಾನೇ ಕರೆತರುತ್ತೇನೆ. ನಿಮ್ಮ ಒಂದು ಮಾತಿಗೆ ಕಾದಿದ್ದೇವೆ. ಇವತ್ತೇ ಬರೆಯಿರಿ.

ಕಾಶೀನಾಥ

ಧಾರವಾಡ
14 ಅಕ್ಟೋಬರ್ 1992

ಕಾಶೀನಾಥ ಅವರಿಗೆ ನಮಸ್ಕಾರ.

ನಾನೂ ಮೆಟ್ಟಿಲ ಕಡೆಯೇ ನೋಡುತ್ತಿದ್ದೆ. ಬೆಂಕಿ ಹತ್ತುವವರೆಗೂ ನೋಡಿದೆ. ಹೊಗೆಗೆ ಕಣ್ಣು ಉರಿದರೂ ಬಿಡಲಿಲ್ಲ. ಭಟ್ಟರು ‘ಆಯಿತು’ ಎಂದ ಮೇಲೆ ತಿರುಗಿದೆ, ಆಮೇಲೆ ನೋಡಲಿಲ್ಲ. ದೋಣಿಯ ಕಡೆ ನೋಡಬೇಕೆಂದು ನನಗೆ ಗೊತ್ತಿರಲಿಲ್ಲ. ಹತ್ತಿರವೇ ಇದ್ದು ನೋಡುತ್ತ ಕೂತಿದ್ದರಲ್ಲ, ಅದನ್ನು ಓದಿ ನಿಮ್ಮ ಪತ್ರವನ್ನು ಎದೆಗೆ ಒತ್ತಿಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಬರಲಿ ಎಂದು ಬರೆಯಲು ಪೆನ್ನು ತೆಗೆದೆ ಕೂಡ. ನಿಮ್ಮಿಂದ ಯಾಕೆ ಮುಚ್ಚಿಡಲಿ.

ಕರಿಮಣಿಯನ್ನು ಬೇರೆಯವರು ತೆಗೆಯಬಾರದೆಂದು ಅಲ್ಲೇ ನಾನೇ ಬಿಚ್ಚಿ ನೀರಿಗೆ ಬಿಟ್ಟೆ. ಕುಂಕುಮ ಬಿಟ್ಟಿಲ್ಲ, ಅದು ಮದುವೆಗೆ ಮೊದಲೂ ನನ್ನ ಹಣೆಯ ಮೇಲೆ ಇತ್ತು. ಮೈತ್ರೇಯಿ ಏನೋ ಅನ್ನಲು ಹೋದಳು, ರಾಮು ಸುಮ್ಮನಿರಿಸಿದ. ಬರುವಾಗ ಗಾಡಿಯಲ್ಲಿ ಗ್ರೀಷ್ಮಾಳಿಗೆ ಎಲ್ಲ ಹೇಳಿದೆ. “ಹಂಗಾದ್ರ ನಾವು ಯಾರಿಗೆ ಅತ್ತಿವಿ, ಅವ್ವಾ?” ಎಂದು ಕೇಳಿದಳು. ಆ ರಾತ್ರಿ ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಮಾಡಿದೆ. ಹನ್ನೆರಡು ವರ್ಷದಲ್ಲಿ ಅಂಥ ನಿದ್ದೆ ಬಂದಿರಲಿಲ್ಲ.

ಈಗ ಅವರಿಗೆ ಮನೆ ಬೇಕಂತೆ. ತಮ್ಮ ಚಿತೆ ಉರಿಯುವುದನ್ನು ನೋಡಿ ತಮ್ಮ ಮೇಲೆ ಕನಿಕರ ಬಂದಿದೆ. ಆ ಕನಿಕರ ಧಾರವಾಡದವರೆಗೆ ತಾಳುತ್ತದೆಯೋ, ನಡುವೆ ಯಾವುದಾದರೂ ಸ್ಟೇಶನ್ನಿನಲ್ಲಿ ಇಳಿಯುತ್ತದೆಯೋ ಯಾರಿಗೆ ಗೊತ್ತು. ಇನ್ನೊಂದು ಸಲ ಬಾಗಿಲು ನೋಡುತ್ತ ಕೂಡುವ ಶಕ್ತಿ ನನ್ನಲ್ಲಿ ಉಳಿದಿಲ್ಲ.

ಆದರೂ ಭಟ್ಟರು ಹೇಳಿದ್ದನ್ನೆಲ್ಲ ಮಾಡಿಸಿ. ನಾನು ಅಡ್ಡ ಬರುವುದಿಲ್ಲ. ತುಪ್ಪದ ಸ್ನಾನ ಆಗಲಿ, ಜಾತಕರ್ಮ ಆಗಲಿ, ಹೊಸ ಹೆಸರಿಡಿ, ಮುಂಜಿಯನ್ನೂ ಮಾಡಿ, ಬೇಕಾದರೆ ರಾಮು ಬಂದು ಕೂಡುತ್ತಾನೆ. ಮದುವೆಗೆ ಮಾತ್ರ ಹೆಣ್ಣನ್ನು ಬೇರೆ ಕಡೆ ನೋಡಿ.

ಸುಭದ್ರಾ